ಗುಡಿಸಲು ಕಿತ್ತು ದೂರ ಹಾಕುವ ದಾರಿ: ಕೊಡಗಿನ ಒಂದು ಪ್ರಕರಣ ಅಧ್ಯಯನ

2024ರ ಜನವರಿ. ರೊಬಸ್ಟಾ ಕಾಫಿಯ ಕೊಯ್ಲು ಜೋರಾಗಿದ್ದ ಸಮಯ. ದಕ್ಷಿಣ ಕೊಡಗಿನ ಒಂದು ಎಸ್ಟೇಟಿನ ಲೈನಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಆಶಾ ಕಾರ್ಯಕರ್ತೆಯೊಬ್ಬರು ನನ್ನನ್ನು ಕರೆದುಕೊಂಡು ಹೋದರು. ಕೊಯ್ಲಿನ ದಿನಗಳಲ್ಲಿ ಹಗಲು ಹೊತ್ತು ಲೈನ್ ಖಾಲಿ ಇರುತ್ತದೆ. ಕಿಲೋ ಲೆಕ್ಕದ ಕೂಲಿ, ಮನೆಯಲ್ಲಿ ಕೂತರೆ ದುಡ್ಡಿಲ್ಲ. ಆದರೆ ಅವತ್ತು ಮೂರನೇ ಮನೆಯ ಮೆಟ್ಟಿಲ ಮೇಲೆ ಒಬ್ಬಳು ಹೆಣ್ಣುಮಗಳು ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಒಂದೇ ಕೈಯಲ್ಲಿ. ಎಡಗೈ ಸೆರಗಿನ ಒಳಗಿತ್ತು.

ಅರ್ಧ ಗಂಟೆ ಮಾತಾಡಿದರೂ ಆ ಕೈ ಹೊರಗೆ ಬರಲಿಲ್ಲ. ಮೊರ ಜಾರಿತು, ಹಿಡಿಯಲು ಹೋದಳು, ಆಗ ಕಾಣಿಸಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರ್. ಅದರ ಅಂಚು ಕಾಫಿ ಹಣ್ಣಿನ ರಸ ಹಿಡಿದು ಕಪ್ಪಾಗಿತ್ತು. ಮುರಿದ ಕೈಯಲ್ಲೇ ಎರಡು ದಿನ ಹಣ್ಣು ಕೊಯ್ಯಲು ಹೋಗಿದ್ದಳು.

"ಬಿದ್ದೆ ಅಕ್ಕ" ಅಂದಳು. ಆಸ್ಪತ್ರೆಯ ಚೀಟಿಯಲ್ಲೂ ಹಾಗೇ ಬರೆದಿತ್ತು. ಒಲೆಗೆ ತಂದಿದ್ದ ಸೌದೆಯಲ್ಲಿ ಗಂಡ ಹೊಡೆದಿದ್ದ ಅನ್ನುವುದು ಆಮೇಲೆ, ಮೂರನೇ ಸಲ ಹೋದಾಗ ಗೊತ್ತಾಯಿತು.

ಆಕೆಯ ಹೆಸರು, ಹಾಡಿ (ಆದಿವಾಸಿಗಳ ಊರು), ಎಸ್ಟೇಟು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಈ ಪ್ರಕರಣವನ್ನು ಬರೆಯಬೇಕು ಅನ್ನಿಸಿದ್ದು, ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರ ಜೊತೆ ಕೆಲಸ ಮಾಡುವ ನಾವು ಮೊದಲ ತಿಂಗಳಲ್ಲಿ ಮಾಡಿದ ತಪ್ಪಿಗಾಗಿ. ಆ ತಪ್ಪನ್ನು ಸರಿಯಾದ ಮನಸ್ಸಿನಿಂದಲೇ ಮಾಡಿದ್ದೆವು. ಆದರೂ ಅದರಿಂದ ಆಕೆಗೆ ಇನ್ನೊಂದು ತಿಂಗಳು ಏಟು ಬಿತ್ತು.

ಆಕೆ ಯಾರು, ಎಲ್ಲಿಂದ ಬಂದವಳು

ಆಕೆ ಜೇನುಕುರುಬ ಬುಡಕಟ್ಟಿನ ಮನೆಯ ಮಗಳು. ಆಧಾರ್ ಕಾರ್ಡಿನ ಪ್ರಕಾರ 27 ವರ್ಷ. ಅಮ್ಮನ ಹಾಡಿ ನಾಗರಹೊಳೆ ಕಾಡಿನ ಅಂಚಿನಲ್ಲಿದೆ. ಅಜ್ಜಿಯ ಕಾಲದಲ್ಲಿ ಅವರು ಕಾಡಿನ ಒಳಗೇ ಇದ್ದವರು. ವನ್ಯಜೀವಿ ಕಾಯ್ದೆ ಬಂದಿದ್ದು 1972ರಲ್ಲಿ. ಅದರ ನಂತರದ ವರ್ಷಗಳಲ್ಲಿ ಕಾಡಿನಿಂದ ಹೊರಗೆ ಬಂದ ಎಷ್ಟೋ ಕುಟುಂಬಗಳು ಕಾಫಿ ತೋಟದ ಲೈನುಗಳಿಗೆ ಸೇರಿಕೊಂಡವು. ಗಂಡನ ಮನೆಯವರೂ ಹಾಗೆ ಬಂದವರೇ. ಅವನೂ ಜೇನುಕುರುಬ.

ಇಬ್ಬರೂ ಒಪ್ಪಿ ಓಡಿಹೋಗಿ, ಕೆಲವು ದಿನ ಬಿಟ್ಟು ವಾಪಸ್ ಬಂದವರು. ಹಿರಿಯರು ಸಣ್ಣದೊಂದು ತಪ್ಪುಕಾಣಿಕೆ ಹಾಕಿ ಒಪ್ಪಿಕೊಂಡರು. ಜೇನುಕುರುಬರಲ್ಲಿ ಇದು ಮದುವೆಯೇ. ಹೊರಗಿನವರು ಇದನ್ನು "ಸುಮ್ನೆ ಕೂಡಿಕೊಂಡಿದ್ದಾರೆ" ಅನ್ನುತ್ತಾರೆ. ನನಗೆ ಆ ಮಾತು ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಲಗ್ನಪತ್ರಿಕೆ ಇಲ್ಲ, ನೋಂದಣಿ ಇಲ್ಲ ಅನ್ನುವ ಕಾರಣಕ್ಕೆ ಆಕೆಯ ಹತ್ತು ವರ್ಷದ ಸಂಸಾರ ಸುಳ್ಳಾಗುತ್ತಾ?

ಮಕ್ಕಳಿಬ್ಬರು. ದೊಡ್ಡವನು ಆಶ್ರಮ ಶಾಲೆಯಲ್ಲಿ (ಆದಿವಾಸಿ ಮಕ್ಕಳ ವಸತಿ ಶಾಲೆ) ಇದ್ದ. ಚಿಕ್ಕವಳಿಗೆ ಮೂರು ವರ್ಷ, ಅಂಗನವಾಡಿಗೆ ಹೋಗುತ್ತಿದ್ದಳು.

ಲೈನಿನಲ್ಲಿ ಸಾಲಾಗಿ ಎಂಟು ಮನೆ. ಒಂದೊಂದರಲ್ಲಿ ಒಂದು ಕೋಣೆ, ಹಿಂದೆ ಒಲೆ ಹಾಕುವಷ್ಟು ಜಾಗ. ನಡುವಿನ ಗೋಡೆಗಳು ಹೆಂಚಿನವರೆಗೆ ಹೋಗಿರಲಿಲ್ಲ, ಆಳೆತ್ತರಕ್ಕೆ ನಿಂತುಬಿಟ್ಟಿದ್ದವು. ಒಂದನೇ ಮನೆಯಲ್ಲಿ ಮಗು ಕೆಮ್ಮಿದರೆ ಎಂಟನೇ ಮನೆಗೆ ಕೇಳುತ್ತದೆ. ಅಂದರೆ ಆ ಏಟುಗಳನ್ನು ಎಂಟು ಮನೆಯವರೂ ಕೇಳಿದ್ದರು. ಯಾರೂ ಬರುತ್ತಿರಲಿಲ್ಲ. ಲೈನಿನಲ್ಲಿ ಜಗಳ ಆದರೆ ಮಾಲೀಕರು ಎರಡೂ ಮನೆಯವರನ್ನು ಬಿಡಿಸುತ್ತಾರೆ ಅನ್ನುವ ಹೆದರಿಕೆ.

ಮನೆ ಇದ್ದದ್ದು ಗಂಡನ ಹೆಸರಿನ ಮೇಲೆ. ಹೆಸರಿನ ಮೇಲೆ ಅಂದರೆ ಕಾಗದವಲ್ಲ, ರೈಟರ (ಎಸ್ಟೇಟಿನ ಲೆಕ್ಕ ಬರೆಯುವವರ) ಪುಸ್ತಕದಲ್ಲಿ ಅವನ ಹೆಸರು. ಎಸ್ಟೇಟಿನಿಂದ ಹದಿನೆಂಟು ಸಾವಿರ ಮುಂಗಡ ತೆಗೆದುಕೊಂಡಿದ್ದವನೂ ಅವನೇ. ಆ ಮುಂಗಡ ಇಬ್ಬರ ಕೂಲಿಯಿಂದಲೂ ಮುರಿಯುತ್ತಿತ್ತು. ಬಟವಾಡೆ ದಿನ ಇಬ್ಬರ ದುಡ್ಡೂ ಅವನ ಕೈಗೇ ಹೋಗುತ್ತಿತ್ತು. ಹೊಡೆತ ಬೀಳುತ್ತಿದ್ದದ್ದು ಹೆಚ್ಚಾಗಿ ಬಟವಾಡೆಯ ರಾತ್ರಿ.

ನಮ್ಮ ತಪ್ಪು

ಮೂರನೇ ಭೇಟಿಯಲ್ಲಿ ಆಕೆ ಬಾಯಿ ಬಿಟ್ಟಳು. ನಾವು ಅವತ್ತೇ ಆಕೆಯನ್ನೂ ಚಿಕ್ಕ ಮಗಳನ್ನೂ ಜೀಪಿಗೆ ಹತ್ತಿಸಿ ಪಟ್ಟಣದ ಒಂದು ಆಶ್ರಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಅದೇ: ಮೊದಲು ಅಪಾಯದಿಂದ ದೂರ ಮಾಡಿ.

ಮಂಚ, ಹಾಸಿಗೆ, ಊಟ ಎಲ್ಲ ಇತ್ತು. ಗೇಟಿಗೆ ಬೀಗವೂ ಇತ್ತು. ರಾತ್ರಿ ಒಂದು ಕೋಣೆಯಲ್ಲಿ ಆಕೆ, ಮಗು, ಮತ್ತೆ ಯಾರೂ ಇಲ್ಲ. ಬೆಳಿಗ್ಗೆ ಯಾರೋ ಜಾತಿ ಕೇಳಿ ಬರೆದುಕೊಂಡರು. ಇನ್ಯಾರೋ "ಮಗನನ್ನೂ ಮಗಳನ್ನೂ ಹಾಸ್ಟೆಲಿಗೆ ಹಾಕಿಬಿಡೋಣ" ಅಂದರು. ಮಾರನೇ ದಿನ ಸಂಜೆ ಹೊತ್ತಿಗೆ ಆಕೆ ಮಗುವನ್ನು ಎತ್ತಿಕೊಂಡು ಹೊರಟುಹೋಗಿದ್ದಳು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಅದಕ್ಕೆ ತೋರಿಸಬೇಕಾದ ಆಧಾರ್ ಗಂಡನ ಹತ್ತಿರ ಇತ್ತು. ಅವರ ಎಸ್ಟೇಟಿನ ಕಡೆ ಓಡುವುದೂ ಖಾಸಗಿ ಬಸ್ಸೇ. ಕಿವಿಯ ಓಲೆ ಅಡ ಇಟ್ಟು ಊರಿಗೆ ಬಂದಳಂತೆ.

"ಅಲ್ಲಿ ಏನು ಕಷ್ಟ ಆಯ್ತು?" ಅಂತ ಆಮೇಲೆ ಕೇಳಿದೆ. "ಕಷ್ಟ ಏನಿಲ್ಲ ಅಕ್ಕ. ಒಬ್ಬಳೇ ಮಲಗಿ ಗೊತ್ತಿಲ್ಲ ನಂಗೆ" ಅಂದಳು.

ಹುಟ್ಟಿದಾಗಿನಿಂದ ಆಕೆ ನಾಲ್ಕು ಜನರ ಉಸಿರಿನ ಸದ್ದು ಕೇಳದೆ ಮಲಗಿದವಳಲ್ಲ. ನಾವು ಆಕೆಯನ್ನು ಗಂಡನಿಂದ ಬಿಡಿಸಲು ಹೋಗಿ ಎಲ್ಲರಿಂದಲೂ ಬಿಡಿಸಿಬಿಟ್ಟಿದ್ದೆವು. ವಾಪಸ್ ಬಂದ ಮೇಲೆ ಗಂಡನ ಸಿಟ್ಟು ಜಾಸ್ತಿಯಾಯಿತು. "ಹೊರಗಿನವರ ಹತ್ತಿರ ಹೇಳ್ತೀಯಾ?" ಅನ್ನುವುದು ಹೊಸ ಕಾರಣವಾಯಿತು.

ಆಶ್ರಯ ಕೇಂದ್ರಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಜೀವಕ್ಕೆ ಅಪಾಯ ಇದ್ದರೆ ಅದೇ ದಾರಿ. ಆದರೆ ಹೋಗುವ ಮುಂಚೆ "ನಿಮ್ಮ ಜೊತೆ ಯಾರು ಬರಬೇಕು?" ಅಂತ ಕೇಳಬೇಕಿತ್ತು. ಚಿಕ್ಕಮ್ಮನನ್ನೋ ಅಕ್ಕನನ್ನೋ ಜೊತೆಗೆ ಕಳಿಸಿದ್ದರೆ ಆಕೆ ನಾಲ್ಕು ದಿನ ಇರುತ್ತಿದ್ದಳೇನೋ.

ಅಜ್ಜಿ ಹೇಳಿದ ಮಾತು

ಎರಡನೇ ಪ್ರಯತ್ನಕ್ಕೆ ನಾವು ಆಕೆಯ ಅಮ್ಮನ ಹಾಡಿಗೆ ಹೋದೆವು. ಅಲ್ಲಿ ಆಗಲೇ ಒಂದು ಪಂಚಾಯಿತಿ ಮುಗಿದಿತ್ತು. ಯಜಮಾನರ ಜಗಲಿಯಲ್ಲಿ ಆರು ಗಂಡಸರು ಕೂತು ತೀರ್ಮಾನ ಮಾಡಿದ್ದರು: ಗಂಡ ಐನೂರು ರೂಪಾಯಿ ದಂಡ ಕಟ್ಟಬೇಕು, ಇನ್ನು ಹೊಡೆಯುವುದಿಲ್ಲ ಅಂತ ದೇವರ ಮುಂದೆ ಮಾತು ಕೊಡಬೇಕು, ಹೆಂಡತಿ ಲೈನಿಗೆ ಹೋಗಬೇಕು. ಆ ಐನೂರು ಆಕೆಯ ಕೂಲಿಯಿಂದಲೇ ಹೋಗುತ್ತಿತ್ತು. ಅದನ್ನು ಯಾರೂ ಯೋಚಿಸಿರಲಿಲ್ಲ.

ನಾನು ಸಿಟ್ಟಿನಿಂದ ಏನೋ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಆಕೆಯ ಅಜ್ಜಿ, ಅಮ್ಮನ ಅಮ್ಮ, ಒಲೆಯ ಹತ್ತಿರದಿಂದ ಮಾತಾಡಿದರು. ಎಪ್ಪತ್ತು ದಾಟಿದ ಹೆಂಗಸು. ಕಾಡಿನ ಒಳಗೆ ಹುಟ್ಟಿ ಬೆಳೆದವರು. ಅವರ ಮಾತನ್ನು ಅವತ್ತೇ ಬರೆದಿಟ್ಟುಕೊಂಡೆ.

"ಕಾಡಲ್ಲಿದ್ದಾಗ ಜಗಳ ಆದ್ರೆ ಏನ್ ಮಾಡ್ತಿದ್ವಿ ಮಗಳೇ? ಗುಡಿಸಲು ಕಿತ್ತು ದೂರ ಹಾಕ್ತಿದ್ವಿ. ಅವಳು ಅವಳ ಅಮ್ಮನ ಪಕ್ಕ ಹಾಕ್ಕೋತಿದ್ಲು. ಸಿಟ್ಟು ಇಳಿದ್ರೆ ಬರ್ತಿದ್ಲು, ಇಳೀಲಿಲ್ಲ ಅಂದ್ರೆ ಬೇರೆಯವನ ಜೊತೆ ಇರ್ತಿದ್ಲು. ಯಾರೂ ಏನೂ ಅಂತಿರಲಿಲ್ಲ. ಈಗ ಲೈನ್ ಮನೇನ ಕಿತ್ತು ಎಲ್ಲಿಗೆ ಹಾಕ್ತಾಳೆ ಇವಳು?"

ಈ ಪ್ರಕರಣದಲ್ಲಿ ನನಗೆ ದಾರಿ ಕಾಣಿಸಿದ್ದು ಅಲ್ಲಿ. ಗಂಡ ಹೊಡೆದರೆ ಸಹಿಸಿಕೊಂಡು ಇರಬೇಕು ಅನ್ನುವುದು ಆ ಅಜ್ಜಿಯ ಪದ್ಧತಿಯಲ್ಲಿ ಇರಲಿಲ್ಲ. ಜೇನುಕುರುಬರಲ್ಲಿ ಹೆಣ್ಣು ಬಿಟ್ಟು ಬರಬಹುದು, ಇನ್ನೊಂದು ಮದುವೆ ಆಗಬಹುದು, ಅದಕ್ಕೆ ದೊಡ್ಡ ಅವಮಾನವಿಲ್ಲ. ದೂರ ಹೋಗುವುದೇ ಅವರ ಔಷಧಿಯಾಗಿತ್ತು. ಲೈನ್ ಮನೆ ಆ ದೂರವನ್ನೇ ಕಿತ್ತುಕೊಂಡಿತ್ತು. ಗೋಡೆ ಹಂಚಿಕೊಂಡ ಮನೆ, ಇನ್ನೊಬ್ಬರ ಜಮೀನು, ಮುಂಗಡದ ಹಗ್ಗ. "ಹೊಂದಿಕೊಂಡು ಹೋಗು" ಅನ್ನುವ ಬುದ್ಧಿಮಾತು ನಮ್ಮಂಥವರ ಮನೆಗಳಿಂದ ಅಲ್ಲಿಗೆ ಹೋಗಿ ಸೇರಿಕೊಂಡಿದ್ದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಾಗಿ ನಮ್ಮ ಕೆಲಸ ಆ ದೂರವನ್ನು ಮತ್ತೆ ಹುಟ್ಟಿಸುವುದು. ಆಕೆ ಅಮ್ಮನ ಪಕ್ಕ ಗುಡಿಸಲು ಹಾಕಿಕೊಳ್ಳಬೇಕು. ಕಾನೂನು ಅದಕ್ಕೆ ಕಾವಲು ನಿಲ್ಲಬೇಕು.

ಪಂಚಾಯಿತಿ ಮತ್ತೊಮ್ಮೆ ಕೂರಬೇಕು, ಈ ಸಲ ಹೆಂಗಸರೂ ಕೂರಬೇಕು ಅಂದೆವು. "ಅದು ನಮ್ಮಲ್ಲಿ ಇಲ್ಲ" ಅಂದರು ಒಬ್ಬರು. ಅಜ್ಜಿ ಬಿಡಲಿಲ್ಲ. "ಅರಣ್ಯ ಹಕ್ಕು ಸಮಿತಿಲಿ ಹೆಸರು ಬರೆಯೋಕೆ ಹೆಂಗಸರು ಬೇಕು ಅಂತ ಹುಡುಕ್ಕೊಂಡು ಬಂದ್ರಲ್ಲ, ಇದಕ್ಕೆ ಬೇಡ್ವಾ?" ಅಂದರು. ಆ ಸಮಿತಿಯಲ್ಲಿ ಮೂರನೇ ಒಂದು ಪಾಲು ಹೆಂಗಸರು ಇರಲೇಬೇಕು ಅನ್ನುವುದು ನಿಯಮ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಚಾಪೆ ತರಲು ಹೇಳಿದರು.

ಇನ್ನೂ ಒಂದು ತೊಡಕು ಇತ್ತು. ಅಣ್ಣ ಜಾಗ ಕೊಡಲು ಹಿಂದೆಮುಂದೆ ನೋಡುತ್ತಿದ್ದ. ಗಂಡನ ಕಡೆಯವರ ಜೊತೆ ಯಾಕೆ ನಿಷ್ಠೂರ ಅನ್ನುವ ಯೋಚನೆ. ಆದರೆ ಆ ಜಾಗದ ಹಕ್ಕುಪತ್ರದಲ್ಲಿ ಅಪ್ಪನ ಹೆಸರಿನ ಜೊತೆ ಅಮ್ಮನ ಹೆಸರೂ ಇತ್ತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮದುವೆಯಾದವರಿಗೆ ಹಕ್ಕುಪತ್ರ ಕೊಟ್ಟರೆ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಕೊಡಬೇಕು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅಮ್ಮ ಪ್ಲಾಸ್ಟಿಕ್ ಕವರಿನಿಂದ ಆ ಪತ್ರ ತೆಗೆದು ಚಾಪೆಯ ಮೇಲೆ ಇಟ್ಟರು. "ಇದರಲ್ಲಿ ನಂದೂ ಐತೆ. ನನ್ನ ಮಗಳು ಇಲ್ಲಿರ್ತಾಳೆ" ಅಂದರು. ಅವರಿಗೆ ಓದಲು ಬರುವುದಿಲ್ಲ. ತಮ್ಮ ಹೆಸರು ಯಾವ ಸಾಲಿನಲ್ಲಿದೆ ಅನ್ನುವುದು ಮಾತ್ರ ಗೊತ್ತಿತ್ತು, ಅಲ್ಲೇ ಬೆರಳಿಟ್ಟರು.

ತಾರೀಕು ಹೇಳುವುದು ಹೇಗೆ

ಕಾನೂನಿನ ವಿಷಯಕ್ಕೆ ಬಂದಾಗ ಆಕೆ ಮೊದಲು ಹೇಳಿದ್ದು ಒಂದೇ ಮಾತು. "ಹೊಡೆಯೋದು ನಿಲ್ಲಬೇಕು ಅಕ್ಕ. ಅವನನ್ನ ಪೊಲೀಸಿಗೆ ಕೊಡಬೇಡಿ."

ಇದನ್ನು ಭಯ ಅಂತ ತಳ್ಳಿಹಾಕುವುದು ಸುಲಭ. ಖಾಕಿ ಬಟ್ಟೆ ಕಂಡರೆ ಆಕೆಯ ಮನೆಯವರಿಗೆ ನೆನಪಾಗುವುದು ಅರಣ್ಯ ಇಲಾಖೆಯ ಕೇಸುಗಳು. ಜೇನು ಕೀಳಲು ಹೋದ ಮಾವನನ್ನು ಹಿಡಿದುಕೊಂಡು ಹೋಗಿದ್ದನ್ನು ಆಕೆ ಚಿಕ್ಕವಳಿದ್ದಾಗ ನೋಡಿದ್ದಳು. ಆಕೆಯ ಲೆಕ್ಕದಲ್ಲಿ ಸ್ಟೇಷನ್ ನ್ಯಾಯ ಸಿಗುವ ಜಾಗವಲ್ಲ.

ಆಕೆಯ ಮಾತಿಗೆ ಹೊಂದುವ ಕಾನೂನು ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಇದರಲ್ಲಿ ಮೊದಲು ಸಿಗುವುದು ರಕ್ಷಣೆಯ ಆದೇಶ, ಜೈಲಲ್ಲ. ಗಂಡ ಹತ್ತಿರ ಬರಬಾರದು, ಹೊಡೆಯಬಾರದು, ಖರ್ಚಿಗೆ ಕೊಡಬೇಕು, ಮಕ್ಕಳು ತಾಯಿಯ ಹತ್ತಿರ ಇರಬೇಕು ಅಂತ ಮ್ಯಾಜಿಸ್ಟ್ರೇಟ್ ಹೇಳಬಹುದು. ಆ ಆದೇಶ ಮುರಿದರೆ ಮಾತ್ರ ಅದು ಅಪರಾಧ: ಒಂದು ವರ್ಷದವರೆಗೆ ಜೈಲು, ಇಲ್ಲ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದನ್ನು ಆಕೆಗೆ ಹೀಗೆ ವಿವರಿಸಿದೆ: "ಮೊದಲು ಗೆರೆ ಎಳೀತಾರೆ. ಗೆರೆ ದಾಟಿದ್ರೆ ಮಾತ್ರ ಪೊಲೀಸ್." ಆಕೆ ನೆಲದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ನೋಡಿದಳು. ಆಮೇಲೆ ಸರಿ ಅಂದಳು.

ಮದುವೆಗೆ ಕಾಗದ ಇಲ್ಲದಿರುವುದು ಇಲ್ಲಿ ತೊಂದರೆಯಾಗಲಿಲ್ಲ. ಹಿಂದೂ ವಿವಾಹ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ತಾನಾಗಿ ಅನ್ವಯಿಸುವುದಿಲ್ಲ, ಅವರ ಪದ್ಧತಿಯೇ ಅವರ ಮದುವೆ. ದೌರ್ಜನ್ಯ ತಡೆ ಕಾಯ್ದೆಯಂತೂ ಮದುವೆಯ ರೀತಿಯಲ್ಲಿ ಒಟ್ಟಿಗೆ ಬಾಳಿದ ಎಲ್ಲ ಹೆಂಗಸರನ್ನೂ ಒಳಗೆ ತೆಗೆದುಕೊಳ್ಳುತ್ತದೆ. ಆಶ್ರಮ ಶಾಲೆಯ ದಾಖಲೆಯಲ್ಲಿದ್ದ ಅಪ್ಪನ ಹೆಸರು, ಹೆರಿಗೆಯ ತಾಯಿ ಕಾರ್ಡು, ಯಜಮಾನರ ಹೇಳಿಕೆ, ಇಷ್ಟು ಸಾಕಾಯಿತು. ಯಾರೋ ಅಟ್ರಾಸಿಟಿ ಕೇಸು ಹಾಕಿ ಅಂದರು. ಗಂಡನೂ ಪರಿಶಿಷ್ಟ ಪಂಗಡದವನೇ ಆದ್ದರಿಂದ ಅದು ಬರುವುದಿಲ್ಲ.

ಕರ್ನಾಟಕದಲ್ಲಿ ಈ ಕಾಯ್ದೆಯ ರಕ್ಷಣಾಧಿಕಾರಿ ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿ ನೋಡಿಕೊಳ್ಳುವವರೇ. ಇದರಿಂದ ದೊಡ್ಡ ಅನುಕೂಲವಾಯಿತು. ಅಂಗನವಾಡಿ ಟೀಚರ್ ಆಕೆಗೆ ಪರಿಚಯ. ಹೇಳಿಕೆ ಬರೆಸಿದ್ದು ಅಂಗನವಾಡಿಯಲ್ಲೇ, ಮಕ್ಕಳು ಮಲಗಿದ್ದ ಹೊತ್ತಿನಲ್ಲಿ.

ಮನೆಯಲ್ಲಿ ನಡೆದ ಹಿಂಸೆಯನ್ನು ದಾಖಲಿಸುವ ಗೃಹ ಘಟನಾ ವರದಿಯ ನಮೂನೆಯಲ್ಲಿ ತಾರೀಕು, ಸಮಯ, ಜಾಗ ಬರೆಯಬೇಕು. "ಯಾವತ್ತು ಹೊಡೆದಿದ್ದು?" ಅಂದರೆ ಆಕೆ "ಗೊತ್ತಿಲ್ಲ" ಅನ್ನುತ್ತಿದ್ದಳು. ಬರೆಯುವವರಿಗೆ ತಾಳ್ಮೆ ತಪ್ಪುತ್ತಿತ್ತು. ತಾರೀಕು ಹೇಳದವಳು ಸುಳ್ಳು ಹೇಳುತ್ತಿದ್ದಾಳೆ ಅನ್ನಿಸುವುದು ಹೀಗೇ. ನಾವು ಪ್ರಶ್ನೆ ಬದಲಿಸಿದೆವು. ಆಗ ತೋಟದಲ್ಲಿ ಏನು ಕೆಲಸ ನಡೀತಿತ್ತು?

ಆಕೆ ನಿಲ್ಲಿಸದೆ ಹೇಳತೊಡಗಿದಳು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದು ಒಂದು ವಾರ ಕಳೆದಿತ್ತು, ತೋಟ ಪೂರ್ತಿ ಬೆಳ್ಳಗಿತ್ತು, ಅವತ್ತು ಕೂದಲು ಹಿಡಿದು ಎಳೆದ. ಕುಂಡೆ ಹಬ್ಬದ ರಾತ್ರಿ, ದೇವರಪುರದಿಂದ ಬಂದ ಮೇಲೆ. ಮಳೆಗಾಲದಲ್ಲಿ ಚಿಗುರು ತೆಗೆಯುವಾಗ ಒಂದು ಸಲ. ಹುತ್ತರಿಯ (ಕೊಡಗಿನ ಸುಗ್ಗಿ ಹಬ್ಬ) ಮುಂಚಿನ ಬಟವಾಡೆ. ಕೊನೆಗೆ ಕೊಯ್ಲು, ಈ ಕೈ. ಕುಂಡೆ ಹಬ್ಬ ಮೇ ಕೊನೆಯಲ್ಲಿ ಬರುತ್ತದೆ, ಹುತ್ತರಿಯ ತಾರೀಕು ಕ್ಯಾಲೆಂಡರಿನಲ್ಲಿದೆ, ಮಳೆಯ ಲೆಕ್ಕವನ್ನು ಎಸ್ಟೇಟಿನವರು ಪುಸ್ತಕದಲ್ಲಿ ಬರೆದಿಡುತ್ತಾರೆ, ಬಟವಾಡೆ ರೈಟರ ಪುಸ್ತಕದಲ್ಲಿದೆ. ಎರಡು ಗಂಟೆಯಲ್ಲಿ ಒಂದು ವರ್ಷದ ಏಳು ಘಟನೆಗಳಿಗೆ ಹೆಚ್ಚುಕಮ್ಮಿ ತಾರೀಕು ಸಿಕ್ಕಿತು. ಒಂದು ಕಡೆಯೂ ಆಕೆ ಮಾತು ಬದಲಿಸಲಿಲ್ಲ.

ಕುಂಡೆ ಹಬ್ಬದ ಮಾತು ಬಂದಾಗ ಅಲ್ಲಿದ್ದ ಒಬ್ಬರು ನಕ್ಕು, "ನಿಮ್ಮಲ್ಲಿ ಅವತ್ತು ಇದೆಲ್ಲ ಮಾಮೂಲಿ ಅಲ್ವಾ?" ಅಂದರು. ವೇಷ ಹಾಕಿ, ಬೈದು ಹಾಡುವ ಹಬ್ಬ ಅದು. ಹೊರಗಿನವರಿಗೆ ಬೈಗುಳ ಮಾತ್ರ ಕೇಳಿಸುತ್ತದೆ. ಆಕೆ ತಲೆ ಎತ್ತಿ, "ಅವತ್ತು ಬೈಯೋದು ದೇವರಿಗೆ. ಹೊಡೆಯೋದು ಯಾರಿಗೂ ಇಲ್ಲ" ಅಂದಳು.

ಈ "ಮಾಮೂಲಿ" ಅನ್ನುವ ಮಾತಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಆದಿವಾಸಿ ಮನೆಗಳಲ್ಲಿ ಕುಡಿತ, ಹೊಡೆತ ಇದ್ದದ್ದೇ ಅನ್ನುವುದು ಬಹಳ ಜನರ ನಂಬಿಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದು ಎಲ್ಲ ಜಾತಿಯ, ಎಲ್ಲ ಊರಿನ ಲೆಕ್ಕ. ಒಂದೇ ವ್ಯತ್ಯಾಸ, ಲೈನ್ ಮನೆಯ ಗೋಡೆ ಹೆಂಚಿನವರೆಗೆ ಹೋಗಿರುವುದಿಲ್ಲ.

ಹೇಳಿಕೆ ಮುಗಿದ ಮೇಲೆ ಓದಿ ಹೇಳಿದರು. "ಪತಿಯು ಮದ್ಯಪಾನ ಮಾಡಿ ಅರ್ಜಿದಾರರ ಮೇಲೆ ಹಲ್ಲೆ ನಡೆಸಿರುತ್ತಾರೆ." ಆಕೆ ನನ್ನ ಕಡೆ ನೋಡಿ, "ಇದು ಯಾರ ವಿಷಯ ಅಕ್ಕ?" ಅಂದಳು. ಆಕೆಯ ಚಿಕ್ಕಮ್ಮನ ಮಗಳು ಹತ್ತನೇ ತರಗತಿ ಓದಿದ್ದವಳು ಜೊತೆಗಿದ್ದಳು. ಅವಳು ಸಾಲು ಸಾಲಾಗಿ ಅವರ ನುಡಿಯಲ್ಲಿ ಹೇಳಿದಳು. ಎರಡು ಕಡೆ ತಿದ್ದಬೇಕಾಯಿತು. ಆಮೇಲೆ ಹೆಬ್ಬೆಟ್ಟು ಒತ್ತಿದಳು. ಆಸ್ಪತ್ರೆಗೂ ಇದೇ ಹುಡುಗಿ ಜೊತೆ ಹೋಗಿ, ಕೈ ಮುರಿದದ್ದು ಹೇಗೆ ಅಂತ ಡಾಕ್ಟರ ಹತ್ತಿರ ಮತ್ತೆ ಬರೆಸಿದಳು.

ಉಚಿತ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪಡೆದೆವು. ಹೆಂಗಸರಿಗೆ, ಪರಿಶಿಷ್ಟ ಪಂಗಡದವರಿಗೆ ಆದಾಯದ ಪ್ರಶ್ನೆಯಿಲ್ಲದೆ ಇದು ಸಿಗುತ್ತದೆ. ಅರ್ಜಿಯನ್ನು ಅರವತ್ತು ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅನ್ನುತ್ತದೆ ಕಾಯ್ದೆ. ನಮ್ಮದು ಅದಕ್ಕಿಂತ ಜಾಸ್ತಿ ಹಿಡಿಯಿತು. ಮಧ್ಯಂತರ ಆದೇಶ ಬೇಗ ಸಿಕ್ಕಿದ್ದರಿಂದ ಬದುಕಿಕೊಂಡೆವು.

ಆದೇಶ ಬರುವವರೆಗೆ

ಆ ನಡುವಿನ ವಾರಗಳೇ ಕಷ್ಟದವು. ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೂ ಆಕೆ ಲೈನಿನಲ್ಲೇ ಇದ್ದಳು. ಕೊಯ್ಲು ಮುಗಿದು ಲೆಕ್ಕ ಆಗುವವರೆಗೆ ಬಿಟ್ಟು ಬಂದರೆ ಕೂಲಿಯೇ ಸಿಗುವುದಿಲ್ಲ ಅನ್ನುವುದು ಆಕೆಯ ತೀರ್ಮಾನ. ನನಗೆ ಇಷ್ಟವಿರಲಿಲ್ಲ. ಆದರೆ ಆಶ್ರಯ ಕೇಂದ್ರದ ಅನುಭವ ಆದ ಮೇಲೆ ಆಕೆಯ ಲೆಕ್ಕವನ್ನು ನಾನು ತಳ್ಳಿಹಾಕಲಿಲ್ಲ.

ಪುಸ್ತಕದಲ್ಲಿರುವ ಸುರಕ್ಷತಾ ಯೋಜನೆ ಹೇಳುವುದು: ಅಪಾಯ ಅನ್ನಿಸಿದರೆ ಮನೆಯಿಂದ ಹೊರಗೆ ಓಡಿ, 112ಕ್ಕೆ ಫೋನ್ ಮಾಡಿ. ಆ ಎಸ್ಟೇಟಿನಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಒಣಗಿಸುವ ಕಣದ ಹತ್ತಿರ ಮಾತ್ರ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಇರುತ್ತದೆ. ಮಗುವನ್ನು ಎತ್ತಿಕೊಂಡು ಎಲ್ಲಿಗೆ ಓಡುವುದು?

ಯೋಜನೆ ಹುಟ್ಟಿದ್ದು ಲೈನಿನ ಹೆಂಗಸರಿಂದಲೇ. ಪಕ್ಕದ ಮನೆಯಲ್ಲಿ ಒಬ್ಬರು ಎರವರ (ಇನ್ನೊಂದು ಬುಡಕಟ್ಟು) ಅಜ್ಜಿ ಇದ್ದರು. ಸದ್ದು ಶುರುವಾದ ಕೂಡಲೇ ಅವರು ಪಾತ್ರೆಯ ಮುಚ್ಚಳ ಬಡಿಯಬೇಕು. ಅದು ಕೇಳಿದರೆ ಎಂಟೂ ಮನೆಯವರು ಹೊರಗೆ ಬಂದು ಆ ಬಾಗಿಲ ಮುಂದೆ ನಿಲ್ಲಬೇಕು. ಒಳಗೆ ಹೋಗುವುದು ಬೇಡ, ಬೈಯುವುದು ಬೇಡ, ಸುಮ್ನೆ ನಿಲ್ಲುವುದು. ಎಲ್ಲರೂ ಬಂದರೆ ಯಾರನ್ನು ಅಂತ ಬಿಡಿಸುತ್ತಾರೆ ಮಾಲೀಕರು? ಮುಚ್ಚಳ ಎರಡು ಸಲ ಬಡಿಯಿತು. ಎರಡನೇ ಸಲ ಅವನು ಬಾಗಿಲು ತೆಗೆದು, ಹೊರಗೆ ನಿಂತಿದ್ದ ಹನ್ನೊಂದು ಜನರನ್ನು ನೋಡಿ, ಅವರ ನಡುವೆಯೇ ದಾರಿ ಮಾಡಿಕೊಂಡು ಕಣದ ಕಡೆ ನಡೆದುಹೋದನಂತೆ. ಇಷ್ಟು ದಿನ ಎಲ್ಲರಿಗೂ ಕೇಳಿಸುತ್ತಿದ್ದ ಗೋಡೆ ಆಗ ಆಕೆಯ ಪರವಾಗಿ ಕೆಲಸ ಮಾಡಿತು.

ಮಾಲೀಕರ ಹತ್ತಿರ ನಾವು ಆಕೆಯ ಕೂಲಿಯ ವಿಷಯ ಮಾತ್ರ ಮಾತಾಡಿದೆವು. ಕೊಯ್ದ ಹಣ್ಣಿನ ಲೆಕ್ಕ ಆಕೆಯ ಹೆಸರಿನಲ್ಲಿ ಬೇರೆ ಬರೆಯಬೇಕು, ದುಡ್ಡು ಆಕೆಯ ಕೈಗೇ ಕೊಡಬೇಕು, ಗಂಡನ ಮುಂಗಡವನ್ನು ಆಕೆಯ ಕೂಲಿಯಿಂದ ಮುರಿಯಬಾರದು. ಮೊದಲು "ಸಂಸಾರದ ಜಗಳಕ್ಕೆ ನಾವು ತಲೆ ಹಾಕಲ್ಲ" ಅಂದರು. ಸಾಲಕ್ಕೆ ಆಳನ್ನು ಕಟ್ಟಿಹಾಕುವುದನ್ನು 1976ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದ್ದಾರೆ ಅಂತ ನಿಧಾನವಾಗಿ ನೆನಪಿಸಿದೆವು. ಆಮೇಲೆ ಒಪ್ಪಿದರು. ಮುಂದಿನ ಬಟವಾಡೆಯಲ್ಲಿ ರೈಟರು ಆಕೆಯ ಹೆಸರು ಕೂಗಿದರು. ಹತ್ತು ವರ್ಷ ಆ ತೋಟದಲ್ಲಿ ದುಡಿದವಳು ತನ್ನ ಹೆಸರನ್ನು ಬಟವಾಡೆಯಲ್ಲಿ ಕೇಳಿದ್ದು ಅದೇ ಮೊದಲು.

ಗಂಡನ ವಿಷಯ

ಅವನ ಜೊತೆ ಮಾತಾಡಿದ್ದು ನಾನಲ್ಲ, ಅವನ ಸೋದರಮಾವ. ಅವನು ಎದುರು ಮಾತಾಡದ ಒಬ್ಬರೇ ಒಬ್ಬರು ಅವರು. ಕುಡಿತ ಬಿಡಿಸಲು ಸರ್ಕಾರಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಅವರೇ ಎರಡು ಸಲ ಕರೆದುಕೊಂಡು ಹೋದರು. ಸ್ವಲ್ಪ ದಿನ ಬಿಟ್ಟ, ಮತ್ತೆ ಶುರು ಮಾಡಿದ. ಕರ್ನಾಟಕದಲ್ಲಿ ಸಾರಾಯಿ 2007ರಲ್ಲಿ ನಿಂತಿತು, ಆದರೆ ಅಗ್ಗದ ಪ್ಯಾಕೆಟ್ ಮದ್ಯ ಲೈನಿನ ಬಾಗಿಲಿಗೇ ಬರುತ್ತದೆ.

ಎಲ್ಲದಕ್ಕೂ ಕುಡಿತವೇ ಕಾರಣ ಅಂತ ಎಲ್ಲರೂ ಹೇಳುತ್ತಿದ್ದರು, ಆಕೆಯೂ ಸೇರಿ. ಒಂದು ದಿನ ಆ ಎರವರ ಅಜ್ಜಿ ಕೇಳಿದರು, "ಕುಡಿದಾಗ ರೈಟರಿಗೆ ಒಂದಿನನಾದ್ರೂ ಹೊಡೆದಿದ್ದಾನಾ?" ಆಕೆ ಬಹಳ ಹೊತ್ತು ಉತ್ತರ ಕೊಡಲಿಲ್ಲ. ಅವತ್ತಿನಿಂದ "ಕುಡಿದಿದ್ದ, ಅದಕ್ಕೆ" ಅನ್ನುವುದನ್ನು ಬಿಟ್ಟಳು.

ಆಮೇಲೆ

2024ರ ಜೂನ್, ಮಳೆ ಹಿಡಿಯುವ ಮುಂಚೆ ಆಕೆ ಅಮ್ಮನ ಹಾಡಿಗೆ ಬಂದಳು. ಅಣ್ಣನೇ ಬಿದಿರು ಕಡಿದು ತಂದು ತಡಿಕೆ ಕಟ್ಟಿದ. ಮೇಲೆ ಟಾರ್ಪಾಲು. ಗುಡಿಸಲಿನ ಬಾಗಿಲು ಅಮ್ಮನ ಬಾಗಿಲಿಗೆ ಎದುರಾಗಿದೆ, ನಡುವೆ ಹತ್ತು ಹೆಜ್ಜೆ. ಈಗ ಬೆಳಿಗ್ಗೆ ಹಾಡಿಯ ಹೆಂಗಸರ ಜೊತೆ ಪಿಕಪ್ಪಿನಲ್ಲಿ ಬೇರೆ ತೋಟಕ್ಕೆ ಹೋಗಿ, ಸಂಜೆ ಬೆಳಕಿದ್ದಾಗಲೇ ವಾಪಸ್ ಬರುತ್ತಾಳೆ.

ಅವನು ಆಗಸ್ಟಿನಲ್ಲಿ ಒಂದು ರಾತ್ರಿ ಕುಡಿದು ಬಂದ. ಹಾಡಿಯ ಹೆಂಗಸರು ಆಕೆಯ ಬಾಗಿಲ ಮುಂದೆ ಬೆಂಕಿ ಹಾಕಿಕೊಂಡು ಬೆಳಗಿನವರೆಗೆ ಕೂತರು. ಮಾರನೇ ದಿನ ಆಕೆ ತಾನೇ ಸ್ಟೇಷನ್ನಿಗೆ ಹೋಗಿ ಆದೇಶದ ಪ್ರತಿ ತೋರಿಸಿದಳು. ಅಜ್ಜಿಯೂ ಜೊತೆಗೆ ಹೋಗಿದ್ದರು. ಅವನನ್ನು ಕರೆಸಿ ಎಚ್ಚರಿಕೆ ಕೊಟ್ಟರು. ಕೇಸು ಮುಂದುವರಿಸುವುದು ಬೇಡ ಅಂದಳು ಆಕೆ. ಇನ್ನೊಂದು ಸಲ ಬಂದರೆ ಬಿಡುವುದಿಲ್ಲ ಅಂತಲೂ ಅಲ್ಲೇ ಹೇಳಿದಳು.

ಮಕ್ಕಳನ್ನು ಅವನು ನೋಡುವುದು ಗೋಣಿಕೊಪ್ಪದ ಭಾನುವಾರದ ಸಂತೆಯಲ್ಲಿ, ಜನರ ನಡುವೆ, ಸೋದರಮಾವ ಜೊತೆಗಿದ್ದಾಗ. ಕೋರ್ಟು ಹೇಳಿದ ಖರ್ಚಿನ ದುಡ್ಡು ಒಂದು ತಿಂಗಳು ಬರುತ್ತದೆ, ಎರಡು ತಿಂಗಳು ಬರುವುದಿಲ್ಲ. ಮಗ ಮೊದಲು ರಜೆಗೆ ಲೈನಿಗೆ ಬರಲು ಒಪ್ಪದೆ ಶಾಲೆಯಲ್ಲೇ ಉಳಿಯುತ್ತಿದ್ದ. ಈಗ ಶನಿವಾರ ಬಂತೆಂದರೆ ಅಜ್ಜಿಯ ಹಾಡಿಗೆ ಹೊರಡುತ್ತಾನೆ.

ಮುಗಿಯದೆ ಉಳಿದಿರುವುದು ರೇಷನ್ ಕಾರ್ಡು. ಹಳೇ ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆ. ಗೃಹಲಕ್ಷ್ಮಿಯ ಎರಡು ಸಾವಿರ ಹೋಗುವುದು ಅವರ ಖಾತೆಗೆ. ಆಕೆಯ ಹೆಸರು ಅಲ್ಲಿಂದ ತೆಗೆದು ಹೊಸ ಕಾರ್ಡು ಮಾಡಿಸಲು ಮೂರು ಸಲ ಅರ್ಜಿ ಹಾಕಿದ್ದೇವೆ. ಒಂದು ಸಲ ಸರ್ವರ್ ಇಲ್ಲ ಅಂದರು, ಒಂದು ಸಲ ಗಂಡನ ಒಪ್ಪಿಗೆ ಪತ್ರ ತನ್ನಿ ಅಂದರು. ನಾಲ್ಕನೇ ಅರ್ಜಿಯನ್ನು ಆಕೆಯೇ ಹಿಡಿದುಕೊಂಡು ಹೋಗುತ್ತಾಳಂತೆ, ಚಿಕ್ಕಮ್ಮನ ಮಗಳ ಜೊತೆ. ಆಧಾರ್ ಈಗ ಆಕೆಯ ಹತ್ತಿರವೇ ಇದೆ, ಅಮ್ಮನ ಹಕ್ಕುಪತ್ರ ಇಟ್ಟ ಅದೇ ಪ್ಲಾಸ್ಟಿಕ್ ಕವರಿನಲ್ಲಿ.